ಅಕ್ಷರಕ್ಕೆ ಬಿದ್ದ ಬೇಡಿ



ಮೇಗುಂದ ಹೋಬಳಿಯ ಹಳ್ಳಿಗಳಿಂದ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಾಡಂಚಿನ ಮನೆಗಳಿಂದ ಹೊರಟು ಇಂದು ದೂರದೂರದ ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವವರು, ಸಂಶೋಧನೆಯಲ್ಲಿ ತೊಡಗಿರುವವರು ನಿಮ್ಮಲ್ಲಿ ಹಲವರಿದ್ದೀರಿ. ಬರೆದದ್ದಕ್ಕಾಗಿ, ಓದಿದ್ದಕ್ಕಾಗಿ ವಿದ್ವಾಂಸರನ್ನು ಸೆರೆಗೆ ತಳ್ಳಿದ ಸುದ್ದಿಗಳು ಹೊರದೇಶಗಳಿಂದ ಬಂದಾಗ ನಾವು ಮರುಗುತ್ತೇವೆ. ಅದು ನಮ್ಮ ನೆಲದ ಕಥೆಯಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಆ ಸಮಾಧಾನಕ್ಕೆ ಆಧಾರವಿದೆಯೇ? ಕಳೆದ ತೊಂಬತ್ತು ವರ್ಷಗಳ ಕನ್ನಡ ನಾಡಿನ ಚರಿತ್ರೆಯನ್ನು ಈ ಒಂದು ಪ್ರಶ್ನೆಯನ್ನಿಟ್ಟುಕೊಂಡು ನೋಡೋಣ.

ಮೊದಲಿಗೆ ಒಬ್ಬ ಶಾಲಾ ಶಿಕ್ಷಕರ ಕಥೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರನ್ನು ನಾವು ವರಕವಿಯೆಂದು ಬಲ್ಲೆವು. ಅವರು 1918ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಪದವಿ ಪಡೆದು ಧಾರವಾಡಕ್ಕೆ ಮರಳಿ ಮಾಸ್ತರರಾದವರೆಂಬುದು, ಆ ಕೆಲಸವನ್ನು ಕವಿತೆಯೊಂದರ ಕಾರಣದಿಂದ ಕಳೆದುಕೊಂಡವರೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. 1932ರಲ್ಲಿ ಅವರ ‘ಗರಿ’ ಸಂಕಲನ ಪ್ರಕಟವಾಯಿತು. ಅದರಲ್ಲಿದ್ದ ‘ನರಬಲಿ’ ಎಂಬ ಕವಿತೆ ರಾಜದ್ರೋಹದ್ದೆಂದು ಬ್ರಿಟಿಷ್ ಸರಕಾರಕ್ಕೆ ತೋರಿತು. ಕವಿಯನ್ನು ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ಮೂರು ತಿಂಗಳು ಇರಿಸಿದರು. ಆಮೇಲೆ ಧಾರವಾಡದ ಸಮೀಪದ ಮುಗದದಲ್ಲಿ ಒಂಬತ್ತು ತಿಂಗಳ ಸ್ಥಾನಬದ್ಧತೆ. ಊರು ಬಿಟ್ಟು ಕದಲುವಂತಿಲ್ಲ.

ಶಿಕ್ಷೆಯ ಲೆಕ್ಕ ಅಲ್ಲಿಗೆ ಮುಗಿಯಿತೆಂದು ಭಾವಿಸಬಾರದು. ಸೆರೆಯಿಂದ ಹೊರಬಂದ ಮಾಸ್ತರರಿಗೆ ಕೆಲಸ ಕೊಡುವ ಧೈರ್ಯ ಶಾಲೆಗಳಿಗಿರಲಿಲ್ಲ. ಸರಕಾರದ ಅನುದಾನವನ್ನು ನಂಬಿ ನಡೆಯುವ ಸಂಸ್ಥೆ ಸರಕಾರದ ಕಣ್ಣಿಗೆ ಬಿದ್ದವನನ್ನು ಹೇಗೆ ಸೇರಿಸಿಕೊಂಡೀತು? ಅದಕ್ಕೆ ಲಿಖಿತ ಆಜ್ಞೆಯೇ ಬೇಕೆಂದಿಲ್ಲ. ಆಡಳಿತ ಮಂಡಳಿಯ ಅಂಜಿಕೆಯೊಂದೇ ಸಾಕು. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ನೆಲೆ ನಿಲ್ಲುವ ತನಕ ಅವರ ಸಂಸಾರ ಕಂಡದ್ದು ಅಲೆದಾಟವನ್ನು, ಅಭಾವವನ್ನು. ಆ ದಿನಗಳಲ್ಲಿ ಆಸರೆಯಾದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ‘ಜೀವನ’ ಪತ್ರಿಕೆಯ ಮೂಲಕ ಬೇಂದ್ರೆಯವರಿಗೆ ಒಂದು ಕೆಲಸವನ್ನೂ ಗೌರವವನ್ನೂ ಒದಗಿಸಿದರು. ಸೆರೆವಾಸ ಮೂರು ತಿಂಗಳಿನದು. ಅದರ ನೆರಳು ಹನ್ನೆರಡು ವರ್ಷದ್ದು.

ಬೇಂದ್ರೆಯವರ ಮೇಲೆ ಬಿದ್ದ ಈ ರಾಜದ್ರೋಹದ ಮಾತಿನ ಮೂಲ 1870ರಲ್ಲಿ ಭಾರತೀಯ ದಂಡಸಂಹಿತೆಗೆ ಸೇರಿದ 124ಎ ಕಲಮು. ಸರಕಾರದ ವಿಷಯದಲ್ಲಿ ಅಪ್ರೀತಿಯನ್ನು ಹುಟ್ಟಿಸುವುದು ಅಪರಾಧವೆಂದು ಅದು ಹೇಳುತ್ತಿತ್ತು. 1908ರಲ್ಲಿ ಲೋಕಮಾನ್ಯ ತಿಲಕರನ್ನು ಆರು ವರ್ಷ ಮಂಡಾಲೆಗೆ ಕಳುಹಿಸಿದ್ದೂ, 1922ರಲ್ಲಿ ಗಾಂಧೀಜಿಗೆ ಆರು ವರ್ಷದ ಸಜೆ ವಿಧಿಸಿದ್ದೂ ಇದೇ ಕಲಮಿನ ಬಲದಿಂದ. ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲಾಗದು ಎಂಬ ಸರಳ ಸಂಗತಿ ಪ್ರಜೆಗಳಿಗೆ ತಿಳಿದಿತ್ತು, ಆಳುವವರಿಗೆ ತಿಳಿದಿರಲಿಲ್ಲ. ಪರದೇಶದವರು ಹೋದ ಮೇಲಾದರೂ ಈ ಕಲಮು ಹೋಗಬಹುದೆಂದು ಹಲವರು ಆಶಿಸಿದ್ದರು. ಅದು ಹೋಗಲಿಲ್ಲ. ಅದರ ಫಲವನ್ನು ಮುಂದೆ ನೋಡುವಿರಿ.

ಸೆರೆಮನೆ ಕಂಡ ವಿದ್ಯಾರ್ಥಿಯೊಬ್ಬರು ಮುಂದೆ ಕುಲಪತಿಗಳಾದ ಉದಾಹರಣೆಯೂ ನಮ್ಮಲ್ಲಿದೆ. ಗೌರಿಬಿದನೂರು ಸೀಮೆಯ ಹೊಸೂರಿನ ಎಚ್. ನರಸಿಂಹಯ್ಯನವರು 1942ರ ಚಳವಳಿಯ ಕಾಲಕ್ಕೆ ಬೆಂಗಳೂರಿನಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿ. ಓದನ್ನು ಬಿಟ್ಟು ಚಳವಳಿಗೆ ಇಳಿದು ಬೆಂಗಳೂರು, ಮೈಸೂರು, ಯರವಡಾ ಸೆರೆಮನೆಗಳನ್ನು ಕಂಡರು. ಮತ್ತೆ ಓದಿಗೆ ಮರಳಿ, ಅಮೆರಿಕೆಯ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಕುಲಪತಿಯಾಗಿದ್ದಾಗಲೇ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ನಾಡಿನಲ್ಲಿ ಅದಕ್ಕೆ ಬಂದ ವಿರೋಧ ಸಣ್ಣದಲ್ಲ. ಆದರೂ ಪ್ರಶ್ನೆ ಕೇಳುವುದು ವಿಶ್ವವಿದ್ಯಾನಿಲಯದ ಕೆಲಸವೆಂಬ ನಿಲುವಿನಿಂದ ಅವರು ಕದಲಲಿಲ್ಲ.

ಆ ವರ್ಷವೇ ನಾಡಿನಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. 1975ರ ಜೂನ್ 25ರ ರಾತ್ರಿ ಅದು ಘೋಷಣೆಯಾಯಿತು. ಮರುದಿನವೇ ಬೆಂಗಳೂರಿನಲ್ಲಿದ್ದ ವಿರೋಧ ಪಕ್ಷದ ನಾಯಕರ ಬಂಧನವಾಯಿತು. ಅವರಲ್ಲಿ ವಾಜಪೇಯಿ, ಅಡ್ವಾಣಿಯವರ ಹೆಸರು ಎಲ್ಲರಿಗೂ ಗೊತ್ತು. ಜೊತೆಯಲ್ಲಿದ್ದ ಮಧು ದಂಡವತೆಯವರು ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಪ್ರಾಧ್ಯಾಪಕರು. ಧಾರವಾಡದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಚಂದ್ರಶೇಖರ ಪಾಟೀಲರು, ನಮ್ಮೆಲ್ಲರ ಚಂಪಾ, ತುರ್ತು ಪರಿಸ್ಥಿತಿಯನ್ನು ವಿರೋಧಿಸಿ 26 ದಿನ ಸೆರೆಯಲ್ಲಿದ್ದರು. ಶಿವರಾಮ ಕಾರಂತರು ತಮಗೆ ದೊರೆತಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ಬಂಧಿತನನ್ನು ನ್ಯಾಯಾಲಯದ ಮುಂದೆ ತರಬೇಕೆಂದು ಕೇಳುವ ಹಕ್ಕೂ ಆ ಕಾಲದಲ್ಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೇ 1976ರ ಏಪ್ರಿಲ್ 28ರಂದು ಹೇಳಿತು. ಐವರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬರೆದವರು ಎಚ್. ಆರ್. ಖನ್ನಾ ಒಬ್ಬರೇ.

ನಮ್ಮ ಶೃಂಗೇರಿಗೆ ಹತ್ತಿರದ ಒಂದು ಹೆಸರನ್ನು ಇಲ್ಲಿ ನೆನೆಯಬೇಕು. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ಚಲನಚಿತ್ರವನ್ನು ತೆಗೆದದ್ದು ಶೃಂಗೇರಿ ತಾಲ್ಲೂಕಿನ ವೈಕುಂಠಪುರದಲ್ಲಿ. ಆ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತ್ತು. 1970ರಲ್ಲಿ ಬಿಡುಗಡೆಯಾಗಿ ಅದೇ ಚಿತ್ರ ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಪ್ರಶಸ್ತಿ ಪಡೆಯಿತು. ಚಂದ್ರಿಯ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಆಕೆಗೆ ತೀವ್ರ ಉಬ್ಬಸ. ತಿಂಗಳುಗಟ್ಟಲೆ ಸೆರೆಯಲ್ಲಿ ನರಳಿದ ಬಳಿಕ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಿಟ್ಟರು; ಕೆಲವೇ ದಿನಗಳಲ್ಲಿ, ಜನವರಿ 20ರಂದು, ಆಕೆ ತೀರಿಕೊಂಡರು. ಆಕೆ ಅಧ್ಯಾಪಕಿಯಲ್ಲ, ಕಲಾವಿದೆ. ಆದರೆ ಅಪರಾಧ ಸಾಬೀತಾಗದೆಯೇ ಶಿಕ್ಷೆ ಪೂರ್ಣಗೊಳ್ಳುವುದು ಹೇಗೆಂಬುದಕ್ಕೆ ಆಕೆಯ ಬದುಕೇ ಸಾಕ್ಷಿ.

ಇತಿಹಾಸದ ವಿಚಿತ್ರವನ್ನೂ ಮರೆಯಬಾರದು. ಮರುವರ್ಷ, 1978ರ ನವೆಂಬರಿನಲ್ಲಿ, ತುರ್ತು ಪರಿಸ್ಥಿತಿಯನ್ನು ಹೇರಿದ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದ್ದು ನಮ್ಮ ಚಿಕ್ಕಮಗಳೂರು ಕ್ಷೇತ್ರವೇ. ಭೂಸುಧಾರಣೆಯಿಂದ ನೆಲ ಪಡೆದ ಗೇಣಿದಾರರ ಕೃತಜ್ಞತೆ, ಊರೂರಿನ ನಿಷ್ಠೆಗಳು, ಇವೆಲ್ಲಕ್ಕೂ ಅದರಲ್ಲಿ ಪಾಲಿತ್ತು. ಮತದಾರರನ್ನು ದೂರಲು ಇದನ್ನು ಹೇಳುತ್ತಿಲ್ಲ. ಉಳುವವನಿಗೆ ನೆಲದ ಹಕ್ಕು ಕಣ್ಣಿಗೆ ಕಾಣುತ್ತದೆ. ಬರೆಯುವವನ ಹಕ್ಕು ಅಷ್ಟು ಸುಲಭವಾಗಿ ಕಾಣದು. ಅದನ್ನು ಕಾಣಿಸುವ ಕೆಲಸ ಓದಿದವರದು.

ಅಧಿಕಾರದ ಬೇಡಿ ಒಂದಾದರೆ ಸಮುದಾಯದ ಸಿಟ್ಟು ಇನ್ನೊಂದು. ಎಂ. ಎಂ. ಕಲಬುರ್ಗಿಯವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರು. ಶಾಸನಗಳನ್ನೂ ಹಸ್ತಪ್ರತಿಗಳನ್ನೂ ತಿರುವಿ ಹಾಕಿ, ಜೀವಮಾನವಿಡೀ ವಚನಕಾರರ ಕಾಲವನ್ನು ಬಗೆದು ನೋಡಿದವರು. ಕರ್ನಾಟಕ ಸರಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದ ಹಿಂದೆ ಅವರ ಶ್ರಮವಿದೆ. ‘ಮಾರ್ಗ’ ಎಂಬ ಸಂಶೋಧನ ಸಂಪುಟದ ಮೊದಲನೆಯದರಲ್ಲಿ ಬಸವಣ್ಣನವರ ಕುಟುಂಬ ಹಾಗೂ ಚೆನ್ನಬಸವಣ್ಣನವರ ಜನ್ಮವನ್ನು ಕುರಿತು ಅವರು ಆಡಿದ ಮಾತುಗಳು ಭಕ್ತರನ್ನು ಕೆರಳಿಸಿದವು. ಒತ್ತಡ ಎಷ್ಟು ಬಲವಾಯಿತೆಂದರೆ 1989ರಲ್ಲಿ ಅವರು ತಮ್ಮ ಮಾತನ್ನು ಹಿಂದೆಗೆದುಕೊಳ್ಳಬೇಕಾಯಿತು. ಮನೆಯವರ ಪ್ರಾಣಕ್ಕಾಗಿ ಹಾಗೆ ಮಾಡಿದೆ, ಆದರೆ ಆ ದಿನ ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂಬರ್ಥದ ಮಾತನ್ನು ಅವರೇ ನೊಂದು ಹೇಳಿದ್ದುಂಟು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅವರ ತೀರ್ಮಾನ ಸರಿಯಿತ್ತೋ ತಪ್ಪಿತ್ತೋ, ಅದನ್ನು ನಿರ್ಧರಿಸಬೇಕಾದ್ದು ಶಾಸನಪಾಠದಿಂದ, ಹಸ್ತಪ್ರತಿಗಳ ಸಾಕ್ಷ್ಯದಿಂದ, ಎದುರು ವಾದದಿಂದ. ಹೆದರಿಸಿ ಪಡೆದ ಹಿಂತೆಗೆತದಿಂದ ಆ ಪ್ರಶ್ನೆ ಬಗೆಹರಿಯಲಿಲ್ಲ. ಕೇಳುವವರು ಇಲ್ಲವಾದರು, ಅಷ್ಟೆ. 1633ರಲ್ಲಿ ಗೆಲಿಲಿಯೋನಿಂದ ಹೇಳಿಕೆ ಹಿಂದೆಗೆಸಿದ್ದರಿಂದ ಭೂಮಿ ಸುತ್ತುವುದನ್ನು ನಿಲ್ಲಿಸಿತೇ?

ಕಲಬುರ್ಗಿಯವರು ಸಂಶೋಧನೆ ಬಿಡಲಿಲ್ಲ. 1998ರಿಂದ 2001ರವರೆಗೆ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 76 ವರ್ಷ. ತನಿಖೆ ವರ್ಷಗಟ್ಟಲೆ ಕುಂಟಿತು; 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗೌರಿ ಲಂಕೇಶರ ಹತ್ಯೆಯನ್ನು ಶೋಧಿಸುತ್ತಿದ್ದ ವಿಶೇಷ ತನಿಖಾ ದಳಕ್ಕೇ ಇದನ್ನೂ ಒಪ್ಪಿಸಿತು. 1989ರ ಬೆದರಿಕೆಯನ್ನು ಕಂಡೂ ಸುಮ್ಮನಿದ್ದ ಸಮಾಜ 2015ರ ಗುಂಡಿನ ಸದ್ದಿಗೆ ಬೆಚ್ಚಿಬಿದ್ದಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಕಾನೂನಿನ ದಾರಿಯಲ್ಲೇ ಪುಸ್ತಕ ಮರೆಯಾಗುವುದೂ ಉಂಟು. ಕನ್ನಡ ಪ್ರಾಧ್ಯಾಪಕ ಪಿ. ವಿ. ನಾರಾಯಣ ಅವರು ಬಸವಣ್ಣನವರ ಕಾಲವನ್ನು ಕುರಿತು ಬರೆದ ‘ಧರ್ಮಕಾರಣ’ ಕಾದಂಬರಿ 1995ರಲ್ಲಿ ಪ್ರಕಟವಾಯಿತು. 1997ರಲ್ಲಿ ಸರಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಲೇಖಕ ಬಳಗದ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2007ರಲ್ಲಿ ಸರಕಾರದ ಆಜ್ಞೆಯೇ ಊರ್ಜಿತವಾಯಿತು.

ಇನ್ನು ನಮ್ಮ ಘಟ್ಟದ ಮಗ್ಗುಲಿಗೇ ಬರೋಣ. ಶೃಂಗೇರಿಯಿಂದ ಕೆರೆಕಟ್ಟೆ ದಾಟಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅದರ ಕೆಳಮಗ್ಗುಲಲ್ಲಿ, ಬೆಳ್ತಂಗಡಿ ತಾಲ್ಲೂಕಿನಲ್ಲಿ, ಕುತ್ಲೂರು ಎಂಬ ಮಲೆಕುಡಿಯರ ಊರು. ಅಲ್ಲಿಯ ವಿಠಲ ಮಲೆಕುಡಿಯ ಎಂಬ ಯುವಕ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದರು. ಕಾಡಿನ ನಡುವಿನ ಮನೆಯಿಂದ ಆ ಮೆಟ್ಟಿಲಿನವರೆಗೆ ಬರುವುದು ಎಷ್ಟು ದೊಡ್ಡ ಹಾದಿಯೆಂಬುದನ್ನು ಮಲೆನಾಡಿನ ಶಾಲೆಗಳಲ್ಲಿ ಪಾಠ ಮಾಡಿದ ಯಾರೂ ಬಲ್ಲರು. ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ವಾರಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಕ್ಕಳು ನಮ್ಮ ತರಗತಿಗಳಲ್ಲೂ ಇದ್ದರು.

2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ದಳದವರು ವಿಠಲರನ್ನೂ ಅವರ ತಂದೆಯನ್ನೂ ಬಂಧಿಸಿದರು. ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಯ ಜೊತೆಗೆ, ಬೇಂದ್ರೆಯವರ ಕಾಲದ ಅದೇ ರಾಜದ್ರೋಹದ ಆರೋಪವೂ ಸೇರಿತು. ಸಿಕ್ಕಿದ ಸಾಕ್ಷ್ಯವೇನು? ಭಗತ್ ಸಿಂಗರನ್ನು ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಮೂಲ ಸೌಕರ್ಯ ಬರುವ ತನಕ ಚುನಾವಣೆಯನ್ನು ಬಹಿಷ್ಕರಿಸಬೇಕೆನ್ನುವ ಪತ್ರ. ಪರೀಕ್ಷೆ ಬರೆಯಲು ಆ ವಿದ್ಯಾರ್ಥಿಯನ್ನು ಕೈಕೋಳದೊಡನೆ ಕರೆತಂದದ್ದು ನಾಡಿನಾದ್ಯಂತ ಸುದ್ದಿಯಾಯಿತು. ಕೆಲವು ತಿಂಗಳ ಸೆರೆವಾಸದ ಬಳಿಕ ಜಾಮೀನು ಸಿಕ್ಕಿತು. ಮೊಕದ್ದಮೆ ಮಾತ್ರ ಬೆನ್ನು ಬಿಡಲಿಲ್ಲ. 2021ರ ಅಕ್ಟೋಬರ್ 21ರಂದು ಮಂಗಳೂರಿನ ನ್ಯಾಯಾಲಯವು ತಂದೆ ಮಗ ಇಬ್ಬರನ್ನೂ ದೋಷಮುಕ್ತಗೊಳಿಸಿತು. ಭಗತ್ ಸಿಂಗರ ಪುಸ್ತಕವನ್ನು ಇಟ್ಟುಕೊಳ್ಳುವುದಾಗಲಿ, ಪತ್ರಿಕೆ ಓದುವುದಾಗಲಿ ಅಪರಾಧವಲ್ಲವೆಂದು ತೀರ್ಪು ಹೇಳಿತು. ಅಷ್ಟನ್ನು ಹೇಳಿಸಿಕೊಳ್ಳಲು ಒಂಬತ್ತೂವರೆ ವರ್ಷ ಬೇಕಾಯಿತು.

ನಕ್ಸಲರ ಭಯವೂ ಪೊಲೀಸರ ಶೋಧವೂ ಒಟ್ಟೊಟ್ಟಿಗೆ ನಮ್ಮ ಮನೆಗಳ ಅಂಗಳಕ್ಕೆ ಬಂದ ವರ್ಷಗಳನ್ನು ನೀವೂ ಕಂಡಿದ್ದೀರಿ. ಬಂದೂಕು ಹಿಡಿದವರನ್ನು ತಡೆಯುವುದು ಸರಕಾರದ ಕರ್ತವ್ಯ. ಅದರಲ್ಲಿ ಎರಡು ಮಾತಿಲ್ಲ. ಪ್ರಾಧ್ಯಾಪಕನೆಂಬ ಕಾರಣಕ್ಕೆ ಯಾರೂ ಕಾನೂನಿಗಿಂತ ಮೇಲಲ್ಲ ಎಂಬುದೂ ನಿಜ. ಆದರೆ ಬಂದೂಕು ಬೇರೆ, ಪುಸ್ತಕ ಬೇರೆ. ಕೃತ್ಯಕ್ಕೆ ಶಿಕ್ಷೆ ವಿಧಿಸುವ ನ್ಯಾಯ ಓದಿಗೆ ಶಿಕ್ಷೆ ವಿಧಿಸಹೊರಟರೆ ಅದರ ತಕ್ಕಡಿಯೇ ಮುರಿದಂತೆ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಸಮ್ಮುಖದಲ್ಲಿ ಶರಣಾದರು; ಅವರಿಗೆ ಪುನರ್ವಸತಿಯ ಭರವಸೆ ದೊರೆಯಿತು. ಅದು ಒಳ್ಳೆಯದೇ ಆಯಿತು. ಪುಸ್ತಕವಿಟ್ಟುಕೊಂಡ ವಿದ್ಯಾರ್ಥಿಯ ಕಳೆದುಹೋದ ವರ್ಷಗಳಿಗೆ ಪುನರ್ವಸತಿ ಯಾವುದು?

ಇದು ಒಂದು ಊರಿನ ಕಥೆಯಷ್ಟೇ ಅಲ್ಲ. ದೆಹಲಿಯ ರಾಮ್ ಲಾಲ್ ಆನಂದ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜಿ. ಎನ್. ಸಾಯಿಬಾಬಾ ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದವರು. 2014ರ ಮೇ ತಿಂಗಳಲ್ಲಿ ಬಂಧನ, 2017ರಲ್ಲಿ ಜೀವಾವಧಿ ಶಿಕ್ಷೆ. 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಬಿಡುಗಡೆ ಮಾಡಿತು; ಮರುದಿನವೇ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಹಿಡಿಯಿತು. 2024ರ ಮಾರ್ಚ್ 5ರಂದು ಅದೇ ಪೀಠ ಮತ್ತೊಮ್ಮೆ ನಿರ್ದೋಷಿಯೆಂದು ತೀರ್ಪಿತ್ತಿತು. ಅಷ್ಟರಲ್ಲಿ ಕೆಲಸ ಹೋಗಿತ್ತು, ಆರೋಗ್ಯ ಹೋಗಿತ್ತು. ಏಳು ತಿಂಗಳ ಸ್ವಾತಂತ್ರ್ಯದ ಬಳಿಕ 2024ರ ಅಕ್ಟೋಬರ್ 12ರಂದು ಅವರು ಹೈದರಾಬಾದಿನಲ್ಲಿ ನಿಧನರಾದರು.

ವಿದ್ವಾಂಸನನ್ನು ಸೆರೆಗೆ ಹಾಕಿದರೆ ನಷ್ಟ ಯಾರಿಗೆ? ಕೃಷಿಕ ಬಂಧುಗಳಿಗಾಗಿ ಒಂದು ಉದಾಹರಣೆ ಕೊಡುತ್ತೇನೆ. ರಷ್ಯದ ನಿಕೊಲಾಯ್ ವವಿಲೋವ್ ದೇಶದೇಶ ತಿರುಗಿ ಗೋಧಿ, ಜೋಳ, ದ್ವಿದಳ ಧಾನ್ಯಗಳ ಬೀಜ ಕಲೆಹಾಕಿದ ಸಸ್ಯವಿಜ್ಞಾನಿ. ನಾವು ಬೆಳೆಯುವ ಬೆಳೆಗಳ ಮೂಲ ನೆಲೆಗಳು ಯಾವುವೆಂದು ಜಗತ್ತಿಗೆ ತೋರಿದವನು. ಆಳುವವರ ಮೆಚ್ಚುಗೆ ಗಳಿಸಿದ್ದ ಲೈಸೆಂಕೋ ಎಂಬವನ ಹುಸಿ ವಿಜ್ಞಾನವನ್ನು ವಿರೋಧಿಸಿದ ಆತನನ್ನು 1940ರಲ್ಲಿ ಬಂಧಿಸಿದರು. 1943ರ ಜನವರಿಯಲ್ಲಿ ಸರಾತೋವ್ ಸೆರೆಮನೆಯಲ್ಲಿ ಆತ ಸತ್ತ. ಜಗತ್ತಿನ ಹಸಿವನ್ನು ನೀಗಲು ಬೀಜ ಕೂಡಿಟ್ಟವನಿಗೆ ಸೆರೆಯಲ್ಲಿ ಹೊಟ್ಟೆಗಿಲ್ಲದಾಯಿತು. ಅವನ ಸಂಸ್ಥೆಯ ಕೆಲವರು ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಉಪವಾಸ ಸತ್ತರೂ ಆ ಬೀಜಗಳನ್ನು ಮುಟ್ಟಲಿಲ್ಲ. 1955ರಲ್ಲಿ ಅವನ ಮೇಲಿನ ತೀರ್ಪನ್ನು ರದ್ದುಗೊಳಿಸಿದರು. ಅಷ್ಟರಲ್ಲಿ ಆ ದೇಶದ ತಳಿವಿಜ್ಞಾನ ಎಷ್ಟೋ ವರ್ಷ ಹಿಂದೆ ಬಿದ್ದಿತ್ತು.

ಹಾಗಾದರೆ ಒಪ್ಪದ ಮಾತನ್ನು ಎದುರಿಸುವುದು ಹೇಗೆ? ಅದಕ್ಕೂ ನಮ್ಮಲ್ಲೇ ಮಾದರಿಯಿದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ‘ಶೂದ್ರ ತಪಸ್ವಿ’ ನಾಟಕದಲ್ಲಿ ರಾಮಾಯಣದ ಶಂಬೂಕನ ಕಥೆಯನ್ನು ಬೇರೆ ಬಗೆಯಲ್ಲಿ ಕಂಡರು. ಬೇಂದ್ರೆಯವರಿಗೆ ಆಸರೆಯಾದ ಅದೇ ಮಾಸ್ತಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಪುರಾಣಕಥೆಯನ್ನು ಹೀಗೆ ಮಾರ್ಪಡಿಸುವುದು ಸರಿಯಲ್ಲವೆಂದು ಬರೆದರು. ಕುವೆಂಪು ತಮ್ಮ ಉತ್ತರವನ್ನು ಬರೆದರು. ಪೊಲೀಸರಿಗೆ ದೂರು ಹೋಗಲಿಲ್ಲ, ಯಾರ ಮನೆಗೂ ಕಲ್ಲು ಬೀಳಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ. ನಾಟಕವೂ ಉಳಿಯಿತು, ವಿಮರ್ಶೆಯೂ ಉಳಿಯಿತು. ಇಬ್ಬರ ಮಾತನ್ನೂ ಓದಿ ತೂಗಿ ನೋಡುವ ಅವಕಾಶ ನಮಗೆ ಸಿಕ್ಕಿತು. ಮುಂದೆ ಇಬ್ಬರಿಗೂ ಜ್ಞಾನಪೀಠ ಬಂದಿತು.

ಈ ಎಲ್ಲ ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸೆರೆಮನೆಯೆಂಬುದು ಕೊನೆಯ ಮೆಟ್ಟಿಲು. ಅದಕ್ಕೆ ಮೊದಲು ಸಂಸ್ಥೆಗಳ ಅಂಜಿಕೆ ಇರುತ್ತದೆ, ನೆರೆಹೊರೆಯವರ ಪಿಸುಮಾತಿರುತ್ತದೆ, ‘ಇವನಿಗೆ ಇದೆಲ್ಲ ಯಾಕೆ ಬೇಕಿತ್ತು’ ಎನ್ನುವ ನಮ್ಮ ಉದಾಸೀನವಿರುತ್ತದೆ. ಬೇಂದ್ರೆಯವರನ್ನು ಕಾಡಿದವರು ಬ್ರಿಟಿಷರು. ಆಮೇಲಿನ ಕಥೆಗಳಲ್ಲಿ ಬಂದವರು ಬೇರೆ ಬೇರೆ ಪಕ್ಷಗಳ ಸರಕಾರಗಳು, ಬೇರೆ ಬೇರೆ ಗುಂಪುಗಳು. ಆದ್ದರಿಂದ ನಮ್ಮವರು ಮಾಡಿದರೆ ಸರಿ, ಪರರು ಮಾಡಿದರೆ ತಪ್ಪು ಎಂಬ ಅಳತೆಗೋಲು ಇಲ್ಲಿ ಸಲ್ಲದು.

ಕಾನೂನು ಸ್ವಲ್ಪ ಬದಲಾಗಿದೆ. 2022ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯ 124ಎ ಕಲಮಿನ ಬಳಕೆಯನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ರಾಜದ್ರೋಹವೆಂಬ ಹೆಸರು ಅದರಲ್ಲಿಲ್ಲ. ಆದರೆ ದೇಶದ ಸಾರ್ವಭೌಮತೆಗೂ ಏಕತೆಗೂ ಅಪಾಯ ತರುವ ಮಾತುಗಳನ್ನು ಕುರಿತ 152ನೆಯ ಕಲಮು ಅದರಲ್ಲಿದೆ. ಅದನ್ನು ಯಾರು, ಯಾರ ಮೇಲೆ, ಎಂತಹ ಸಾಕ್ಷ್ಯದಿಂದ ಪ್ರಯೋಗಿಸುತ್ತಾರೆಂಬುದನ್ನು ಎಚ್ಚರದಿಂದ ನೋಡುತ್ತಿರಬೇಕು.

ಪಾಠ ಹೇಳುವ ವೃತ್ತಿಯಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ತರಗತಿಯ ಹಿಂದಿನ ಬೆಂಚಿನಿಂದ ಇರುಸುಮುರುಸಿನ ಪ್ರಶ್ನೆಯೊಂದು ಬಂದಾಗ ಅದನ್ನು ಗದರಿ ಕೂರಿಸಬೇಡಿ. ಉತ್ತರ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಹುಡುಕೋಣ ಎನ್ನಿ. ಸಹೋದ್ಯೋಗಿಯೊಬ್ಬರು ಬರೆದದ್ದಕ್ಕಾಗಿ ಸಂಕಟಕ್ಕೆ ಸಿಲುಕಿದಾಗ, ಅವರ ಅಭಿಪ್ರಾಯ ನಿಮಗೆ ಒಪ್ಪಿಗೆಯಿಲ್ಲದಿದ್ದರೂ, ಮಾಸ್ತಿಯವರು ಬೇಂದ್ರೆಯವರ ಪಕ್ಕದಲ್ಲಿ ನಿಂತಂತೆ ನಿಲ್ಲಿ. ನಿಮ್ಮ ಮನೆಯ ಕಪಾಟಿನಲ್ಲಿ ನೀವು ಒಪ್ಪದ ಒಂದೆರಡು ಪುಸ್ತಕಗಳಿರಲಿ. ಮಕ್ಕಳು ಅವನ್ನೂ ತೆಗೆದು ಓದಲಿ.